ಬಿಳಿ ಟೀಗೆ ತಗಲಿದ ಇಂಗು

ಕಳೆದ ವಾರ ಆಫೀಸಿನಲ್ಲಿ ಯಾರೋ ಚೀನಾದ ಬಿಳಿ ಟೀ ಡಬ್ಬಿ ತೆರೆದರು. ಒಣಹುಲ್ಲಿನಂಥ ವಾಸನೆ. ನಾನು ಎದ್ದು ಹೊರಗೆ ಹೋದೆ. ಟೆಕ್ಸಸ್ಸಿನ ರೌಂಡ್ ರಾಕ್‌ನ ಆ ಆಂಟಿ ಕಣ್ಣ ಮುಂದೆ ಬಂದು ನಿಂತಿದ್ದರು...

ನಾನು ಆಗ ಡಲ್ಲಾಸ್‌ನಿಂದ ಹೊಸದಾಗಿ ಆ ಊರಿಗೆ ಶಿಫ್ಟ್ ಆಗಿದ್ದೆ. ಆಂಟಿಯ ಯಜಮಾನರು ಮೈಸೂರಿನವರು, ರಿಟೈರ್ ಆದ ಡಾಕ್ಟರ್. ನಾವೆಲ್ಲ ಅಂಕಲ್ ಅನ್ನುತ್ತಿದ್ದೆವು. ಭಾನುವಾರ ಬೆಳಿಗ್ಗೆ ನಾಲ್ಕೈದು ಜನರನ್ನು ಕೂರಿಸಿಕೊಂಡು ಬಿಳಿ ಟೀ ಮಾಡಿ ಕೊಡುತ್ತಿದ್ದರು. ಹ್ಯೂಸ್ಟನ್ನಿನ ಚೀನೀ ಅಂಗಡಿಗೆ ಮೂರು ಗಂಟೆ ಡ್ರೈವ್ ಮಾಡಿ ತಂದ ಎಳೆ ಮೊಗ್ಗುಗಳು, ಮೈಮೇಲೆ ಬೆಳ್ಳಗಿನ ನವಿರು. ಹುರಿಯುವುದಿಲ್ಲ, ಹೊಸೆಯುವುದಿಲ್ಲ, ಬಾಡಿಸಿ ಒಣಗಿಸುವುದಷ್ಟೇ. ನೀರು ಮರಳಬಾರದು. ಮುಚ್ಚಳದ ಬಟ್ಟಲನ್ನು ಮೊದಲು ಬೆಚ್ಚಗೆ ಮಾಡಬೇಕು, ಟೀ ಬಸಿದ ಮೇಲೆ ಮುಚ್ಚಳ ಮೂಸಬೇಕು. ನಾವು ಮೂಸಿ ಜೇನು, ಹೂವು ಎಂದೆಲ್ಲ ಬಣ್ಣಿಸುತ್ತಿದ್ದೆವು. ಸತ್ಯ ಹೇಳಲಾ? ನನಗೆ ಬಿಸಿನೀರಿನ ಹೊರತು ಏನೂ ತಿಳಿಯುತ್ತಿರಲಿಲ್ಲ. ಆದರೂ ಇಲ್ಲಿ ಮೂಗು ಇರುವುದು ನಿನಗೊಬ್ಬನಿಗೇ ಎಂದು ಅಂಕಲ್ ಹೊಗಳಿದ್ದರು. ಅಷ್ಟಕ್ಕೇ ನಾನು ಉಬ್ಬಿಹೋಗಿದ್ದೆ.

ಬಿಳಿ ಟೀ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದಂತೆ. ಡಬ್ಬಿ ಬಿಗಿಯಾಗಿ ಮುಚ್ಚಿದರೆ ಆಯಿತಲ್ಲ? ಊಹೂಂ. ಅಂಕಲ್ ಮನೆಯೊಳಗೆ ಒಗ್ಗರಣೆಯನ್ನೇ ನಿಲ್ಲಿಸಿಬಿಟ್ಟರು. ಆಂಟಿಯ ಒಲೆ ಗ್ಯಾರೇಜಿಗೆ ಹೋಯಿತು. ಟೆಕ್ಸಸ್ಸಿನ ಆಗಸ್ಟ್ ತಿಂಗಳು, ನಾವು ಎ.ಸಿ.ಯಲ್ಲಿ, ಆಂಟಿ ಅಲ್ಲಿ ಕಾರಿನ ಪಕ್ಕ ಬೆವರಿನಲ್ಲಿ ತೊಯ್ದು ನಮಗೇ ಬಿಸಿಬೇಳೆಬಾತ್ ಮಾಡುತ್ತಿದ್ದರು. ಎರಡು ಸಲ ತಲೆ ಸುತ್ತಿ ಬಿದ್ದಿದ್ದರು. ನಾವು ತಿಂದು ಕೈ ತೊಳೆದು ಮತ್ತೆ ಟೀಗೆ ಕೂರುತ್ತಿದ್ದೆವು.

ಒಂದು ಭಾನುವಾರ ಎರಡನೇ ಸುತ್ತಿನ ಟೀ ಮುಗಿದಾಗ ಆಂಟಿ ಬಂದು ನಿಂತರು.

"ಶುಕ್ರವಾರ ಇವರು ಹ್ಯೂಸ್ಟನ್‌ಗೆ ಹೋಗಿದ್ರಲ್ಲ, ಆಗ ಒಳಗೇ ಇಂಗಿನ ಒಗ್ಗರಣೆ ಹಾಕಿದೆ. ಈ ಡಬ್ಬಿ ಪಕ್ಕದಲ್ಲೇ ಇತ್ತು. ಯಾರಿಗಾದ್ರೂ ಗೊತ್ತಾಯ್ತಾ?"

ಅಂಕಲ್ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿ, ನಿಜ ಹೇಳು ಅಂದರು. ಆಂಟಿಯೂ ನನ್ನನ್ನೇ ನೋಡಿದರು.

"ಹೇಳಪ್ಪ. ನನ್ನ ಅಡುಗೆಮನೇಲಿ ನಾನು ಅಡುಗೆ ಮಾಡ್ಬೇಕು, ಅಷ್ಟೇ."

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಆದರೆ ಹಾಗಂದರೆ ನನ್ನ ಮೂಗಿನ ಮರ್ಯಾದೆ ಏನಾಗಬೇಕು?

"ಸ್ವಲ್ಪ ಇಂಗು ಬಂತು ಅಂಕಲ್. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಉಳಿದವರೂ ಹೌದು ಹೌದು ಎಂದು ತಲೆಯಾಡಿಸಿದರು. ಅಂಕಲ್ ಡಬ್ಬಿಯನ್ನೇ ಕಸಕ್ಕೆ ಸುರಿದರು, ಬಟ್ಟಲುಗಳನ್ನು ಮೂರು ಸಲ ತೊಳೆಯುವಂತೆ ಆಂಟಿಗೆ ಹೇಳಿದರು. ಅವರು ತೊಳೆದಿಟ್ಟು ಗ್ಯಾರೇಜಿಗೆ ಹೋದರು. ಅವತ್ತೇ ನನ್ನ ಬಾಯಿಗೆ ಹುಳ ಬೀಳಬೇಕಿತ್ತು...

ಮುಂದಿನ ಬೇಸಿಗೆಯಲ್ಲಿ ಆಂಟಿ ಗ್ಯಾರೇಜಿನಲ್ಲೇ ಬಿದ್ದರು, ಮತ್ತೆ ಏಳಲಿಲ್ಲ.

ತಿಂಗಳಾದ ಮೇಲೆ ಅಂಕಲ್‌ರನ್ನು ನೋಡಲು ಹೋದೆ. ಬಾಗಿಲು ತೆರೆದಿತ್ತು, ಸಾಸಿವೆ ಇಂಗು ಘಮ್ಮೆಂದವು. ಅಂಕಲ್ ಒಳಗಿನ ಒಲೆಯ ಮುಂದೆ ನಿಂತು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು. ನನ್ನ ಕಣ್ಣು ಗ್ಯಾರೇಜಿನ ಬಾಗಿಲಿನತ್ತ ಹೋದದ್ದನ್ನು ಕಂಡರು.

"ಈ ಸೆಕೇಲಿ ಅಲ್ಲಿ ಯಾರಯ್ಯ ನಿಂತ್ಕೋತಾರೆ?"

ಈಗ ಅಂಕಲ್ಲೂ ಇಲ್ಲ, ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ತಪ್ಪಾಯಿತು ಎನ್ನಲು ಆಂಟಿ ಎಲ್ಲಿದ್ದಾರೆ? ಇದ್ದಿದ್ದರೂ ಯಾವ ಮುಖ ಹೊತ್ತು ಹೇಳುತ್ತಿದ್ದೆ? ಅವತ್ತು ಆ ಉಪ್ಪಿಟ್ಟನ್ನು ಎರಡು ಸಲ ಬಡಿಸಿಕೊಂಡು ತಿಂದು, ಚೆನ್ನಾಗಿದೆ ಅಂಕಲ್ ಎಂದು ಹೇಳಿ ಬಂದವನು ನಾನು.