ಅಕ್ಕ ಸಾರಿಸಿದ ನೆಲ

ನಾನಿನ್ನೂ ಫ್ರಾಕ್ ತೊಡುವಷ್ಟು ಚಿಕ್ಕವಳಿದ್ದಾಗ, ಹೊಳೆನರಸೀಪುರದ ಹತ್ತಿರದ ನಮ್ಮ ಮನೆಯಲ್ಲಿ ನೆಟ್ಟಗಿದ್ದ ಗೋಡೆ ಒಂದೂ ಇರಲಿಲ್ಲ. ಎಲ್ಲವೂ ಕೈಯಲ್ಲಿ ಮೆತ್ತಿದ ಮಣ್ಣಿನ ಗೋಡೆಗಳು. ಒರಗಿ ಕೂತರೆ ಯಾರದೋ ಅಂಗೈ ಗುರುತು ಬೆನ್ನಿಗೆ ತಾಗುತ್ತಿತ್ತು. ಎಣ್ಣೆ ಹಚ್ಚಿದ ತಲೆಗಳು ಆನಿಕೊಂಡೂ ಆನಿಕೊಂಡೂ ಮರದ ಕಂಬಗಳು ಒಂದು ಎತ್ತರದಲ್ಲಿ ಮಾತ್ರ ಕರ್ರಗೆ ಮಿರುಗುತ್ತಿದ್ದವು. ನಡುಮನೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆಗಳು ನನಗಿಂತ ಎತ್ತರಕ್ಕೆ ನಿಂತಿದ್ದವು. ಹಾಸನದ ಕಾನ್ವೆಂಟ್ ಹಾಸ್ಟೆಲ್‌ನಿಂದ ರಜೆಗೆ ಬಂದಾಗ ನಾನು ಮೊದಲು ಹೋಗಿ ತಬ್ಬಿಕೊಳ್ಳುತ್ತಿದ್ದದ್ದು ಆ ವಾಡೆಗಳನ್ನೇ. ತಣ್ಣಗಿರುತ್ತಿದ್ದವು. ಅವನ್ನು ಯಾರೂ ಆಂಟಿಕ್ ಎನ್ನುತ್ತಿರಲಿಲ್ಲ ಮಕ್ಕಳೇ. ಪುಣ್ಯ.

ನೆಲದ ಕೆಲಸ ಅಕ್ಕನದು. ಟಾರ್ಚಿನ ಸತ್ತ ಸೆಲ್ಲುಗಳನ್ನು ಒಡೆದು, ಒಳಗಿನ ಮಸಿಯನ್ನು ನುಣ್ಣಗೆ ಅರೆದು ಸಗಣಿಗೆ ಕಲಸಿಕೊಳ್ಳುತ್ತಿದ್ದಳು. ಒಳಗೋಡೆಯಿಂದ ಶುರುಮಾಡಿ, ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲವರೆಗೆ ಸಾರಿಸಿಕೊಂಡು ಬರುತ್ತಿದ್ದಳು. ಒಣಗಿದರೆ ಸ್ಲೇಟಿನ ಹಾಗೆ ಕಪ್ಪು. ಒಣಗುವವರೆಗೆ ಅಪ್ಪನೂ ಜಗಲಿಯಲ್ಲೇ ಕಾಯಬೇಕು.

ನಾನು ರಜೆಗೆ ಬಂದಿದ್ದ ಒಂದು ದಿನ ಚನ್ನರಾಯಪಟ್ಟಣದ ಕಡೆಯಿಂದ ಅಕ್ಕನನ್ನು ನೋಡಲು ಗಂಡಿನವರು ಬರುವವರಿದ್ದರು. ಅದಕ್ಕೂ ಮುಂಚೆ ಬಂದವರೆಲ್ಲ ಹೇಳಿ ಕಳಿಸುತ್ತೇವೆಂದು ಹೋದವರೇ. ಈ ಸಂಬಂಧವೂ ಕೈತಪ್ಪೀತೆಂದು ಅಪ್ಪ ಬೆಳಿಗ್ಗೆಯಿಂದ ಜಗಲಿಗೂ ಅಂಗಳಕ್ಕೂ ಓಡಾಡುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆಂದಿದ್ದವರು ಬೆಳಗಿನ ಬಸ್ಸಿಗೇ ಬಂದಿಳಿದರು. ಅಕ್ಕ ಆಗಷ್ಟೇ ಹೊಸ್ತಿಲು ಮುಟ್ಟಿದ್ದಳು, ಮೊಣಕೈವರೆಗೂ ಮಸಿ.

"ನೆಲ ಇನ್ನೂ ಅಸಿ ಅದೆ, ವಸಿ ಜಗಲಿ ಮ್ಯಾಲೆ ಕೂತ್ಕಳಿ," ಎಂದಳು.

ಗಂಡಿನ ತಾಯಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಬೇಕೆನಿಸಲಿಲ್ಲ. ಸೀರೆ ಎತ್ತಿ ಹಿಡಿದು ಹಸಿ ನೆಲದ ಮೇಲೆ ಪಚಪಚನೆ ಒಳಗೆ ನಡೆದರು. ಹಿಂದೆ ಗಂಜಿ ಹಾಕಿದ ಪಂಚೆಯ ಯಜಮಾನರು, ಅವರ ಹಿಂದೆ ವಾಚು ಕಟ್ಟಿದ್ದ, ಬೂಟನ್ನೂ ಬಿಚ್ಚದ ಗಂಡು. ಆಕೆ ಒಂದೊಂದೇ ವಾಡೆಯನ್ನು ಬೆರಳಿನಿಂದ ಕುಟ್ಟಿ, ತುಂಬಿದೆಯೋ ಬರಿದೋ ಎಂದು ಕಿವಿಯಿಟ್ಟು ಕೇಳಿದರು. ವಾಟ್ ಮ್ಯಾನರ್ಸ್!

"ಅಲ್ಲ ಬೀಗ್ರೇ, ಇನ್ನೂ ಸಗಣಿ ನೆಲ್ದಾಗೇ ಇದ್ದೀರಲ್ಲ! ನಮ್ಮನೇಲಿ ಕೆಂಪು ಸಿಮೆಂಟು. ಬಗ್ಗುದ್ರೆ ಮಕ ಕಾಣ್ತದೆ."

ಆ ಮುಖವನ್ನು ದಿನಾ ನೋಡಿಕೊಳ್ಳುವ ಆಸೆ ಯಾರಿಗಿತ್ತೋ ಕಾಣೆ.

"ಮದ್ವೆ ಒತ್ಗೆ ಇದ್ನೆಲ್ಲ ಕಿತ್ತಾಕ್ಸಿ. ನಮ್ ನೆಂಟ್ರು ಇದ್ರ ಮ್ಯಾಲೆ ಕೂರಕಿಲ್ಲ," ಎಂದರು.

ಅಪ್ಪ ಕೈ ಹೊಸೆದುಕೊಂಡು, "ಅಂಗೇ ಆಗ್ಲಿ ಬುಡಿ," ಎಂದರು. ಅಪ್ಪನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ನೆಲ ನೋಡಿದಳು. ಮೂವರ ಹೆಜ್ಜೆಗಳು ಅಡ್ಡಾದಿಡ್ಡಿಯಾಗಿ ಮೂಡಿದ್ದವು. ಸಗಣಿ ಬಾನಿ ಎತ್ತಿಕೊಂಡು ಒಳಗೋಡೆಗೆ ಹೋಗಿ, ಬಂದವರಿಗೆ ಬೆನ್ನು ಹಾಕಿ ಕುಕ್ಕರಿಸಿ, ಮೊದಲಿನಿಂದ ಸಾರಿಸತೊಡಗಿದಳು. ಅವಳು ಒಂದು ಮೊಳ ಹಿಂದೆ ಸರಿದರೆ ಅವರೂ ಒಂದು ಮೊಳ ಹಿಂದೆ.

"ವಸಿ ಇಂದಕ್ಕೆ ಸರ್ಕಳಿ ಅಮ್ಮಾ, ಎಜ್ಜೆ ಬಿದ್ದದೆ."

"ಏನವ್ವ ಇದು?"

"ಸಗಣಿ ಕಣಮ್ಮ. ಇನ್ನೂ ವಸಿ ಸರ್ಕಳಿ."

ಯಜಮಾನರ ಪಂಚೆಯ ಅಂಚಿಗೆ ಮಸಿ ಸಿಡಿಯಿತು. ಗಂಡು ಎಲ್ಲರಿಗಿಂತ ಮುಂಚೆ ಹೊಸ್ತಿಲು ದಾಟಿದ, ತನ್ನ ಬೂಟಿನ ಚಿಂತೆ ಅವನಿಗೆ. ಕೊನೆಗೆ ತಾಯಿಯೂ ಅಂಗಳಕ್ಕಿಳಿದರು. ಅಕ್ಕ ಹೊಸ್ತಿಲ ಮೇಲೆ ಕೊನೆಯ ಗೆರೆ ಎಳೆದು, ಎದ್ದು ಕೈ ತೊಳೆದುಕೊಂಡಳು. ನೀರನ್ನೂ ಕುಡಿಯದೆ ಅವರು ಹೊರಟುಹೋದರು. ಗುಡ್ ರಿಡನ್ಸ್.

ಅಪ್ಪ ಜಗಲಿಯಲ್ಲಿ ಕೂತರು. ಆಮೇಲೆ, "ಸಂಬಂಧಾನೂ ಸೇರ್ಸಿ ಸಾರುಸ್ಬುಟ್ಟಲ್ಲವ್ವ!" ಎಂದವರು ತಡೆಯಲಾಗದೆ ನಕ್ಕುಬಿಟ್ಟರು. ಅಕ್ಕ ಮಾತ್ರ ನಗಲಿಲ್ಲ.

"ನೆಂಟ್ರು ಬಂದು ಓಗೋ ಗಳಿಗೆಗೆ ನಾವಿರೋ ಮನೆ ಕೀಳ್ಬೇಕಾ ಅಪ್ಪಾ?"

ಮುಂದೆ ಅಕ್ಕನಿಗೆ ಅರಕಲಗೂಡಿನ ಕಡೆ ಮದುವೆಯಾಯಿತು. ನಮ್ಮ ನೆಲವನ್ನು ಯಾರೂ ಕೀಳಲಿಲ್ಲ.

ಈಗ ಹಾಸನದ ನಿಮ್ಮ ಮನೆ ನೋಡಿ. ನಿಮ್ಮಪ್ಪ ಅಮ್ಮ ಯಾರೋ ಡಿಸೈನರ್‌ನನ್ನು ಕರೆಸಿ ರಸ್ಟಿಕ್ ಲುಕ್ ಮಾಡಿಸಿದ್ದಾರೆ. ಹೊಸ ಬಾಗಿಲಿಗೆ ಹುಳು ತಿಂದ ಹಾಗೆ ಮಷೀನಿನಲ್ಲಿ ತೂತು ಕೊರೆಸಿದ್ದಾರೆ. ಗಟ್ಟಿ ಗೋಡೆಗೆ ಸುಲಿದುಹೋದ ಹಾಗೆ ಪೇಂಟು. ಅಲ್ಲಲ್ಲಿ ಕಲೆ ಬೀಳಿಸಲಿಕ್ಕೆ ಒಬ್ಬ ಸ್ಪೆಷಲಿಸ್ಟ್ ಬೇರೆ! ಬಂದವರೆಲ್ಲ ಫೋಟೋ ತೆಗೆದು "ವಾವ್, ಸೋ ಆಥೆಂಟಿಕ್" ಎಂದು ಹೋಗುತ್ತಾರೆ. ಆಥೆಂಟಿಕ್ ಅಂತೆ, ಮಣ್ಣು! ಮೊನ್ನೆ ನಿಮ್ಮಲ್ಲಿ ಚಿಕ್ಕವಳು ದ್ರಾಕ್ಷಿ ತಿಂದ ಕೈಯನ್ನು ಆ ಗೋಡೆಗೆ ಒರೆಸಿ ಬೈಸಿಕೊಂಡಳಲ್ಲ, ಆಗ ಎಲ್ಲರೂ ಸ್ಪಾಂಜ್ ಹಿಡಿದು ಓಡಿದರು. ಇಡೀ ಆ ಮನೆಯಲ್ಲಿ ನಿಜವಾಗಿ ಆಗಿದ್ದ ಕಲೆ ಅದೊಂದೇ. ಅದನ್ನೂ ಅಳಿಸಿಬಿಟ್ಟರು.