ರೊಟ್ಟಿ ಬುಟ್ಟಿಯಲ್ಲಿ ಉಳಿದ ಹಸಿರು

ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ನಿಂತಿತು. ಅಣ್ಣನ ಮಗಳು ಚೀರಿದ್ದಳು. ಬೆಳಕು ಸೂಸುವ ಪೆರೊವ್‌ಸ್ಕೈಟ್ ಎಂಬ ಹರಳನ್ನು ಲೇಪಿಸಿದ ಅವಳ ಲ್ಯಾಬಿನ ಎರಡು ಗಾಜು ಒಡೆಯದಿರಲೆಂದು ಅವಳವ್ವ, ನನ್ನ ವೈನಿ, ಅರಿವೆಯಲ್ಲಿ ಸುತ್ತಿ ಬಿಸಿ ರೊಟ್ಟಿಯ ಬುಟ್ಟಿಯಲ್ಲಿ ಇಟ್ಟಿದ್ದರು.

“ಉಗಿ ಹತ್ತಿದ್ರ ಇವು ಹಾಳಾಗತಾವ ಬೇ! ನಾಳೆ ಎಕ್ಸಾಮಿನರ್‌ಗೆ ಏನ್ ತೋರ್ಸಲಿ?”

“ಅದರಾಗ ರೊಟ್ಟಿನ ಮುರಿಯೂದಿಲ್ಲ, ಗಾಜ ಒಡೀತೈತೇನ್ಲೇ?”

ಅವಳು ನೇರಳೆ ಟಾರ್ಚ್ ಹಿಡಿದಾಗ ಸಾದಾ ಲೇಪದ ಗಾಜು ಉಗಿಗೆ ಕೆಟ್ಟು ಕಪ್ಪಾಗಿಯೇ ಉಳಿಯಿತು. ಪದರು ಪದರಾಗಿ ಲೇಪ ಬೆಳೆಸಿದ ಗಾಜು ಮಾತ್ರ ಎಳೆಹಸಿರಾಗಿ ಗ್ಲೋ ಆಯಿತು.

“ಪದರಿನ ನಡುವ ಎಣ್ಣಿ ಗುಣದ ಅಣು ಇಟ್ಟೀನಿ, ಅತ್ತಿ. ನೀರ ಒಳಗ ಬಿಟ್ಟಿಲ್ಲ!”

ನನಗೋ ಹೇಳಲಾಗದಷ್ಟು ಪ್ರೈಡ್.

ಅದೇ ತಿಂಗಳು ವೈನಿ ತೀರಿಕೊಂಡರು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಗಾಜು ಬೆಳಗಿದ ಆ ಸಂಜೆಯೇ. ಓಣಿಯ ಹೆಂಗಸರನ್ನೆಲ್ಲ ಒಳಗೆ ಕರೆದು, ಟಾರ್ಚನ್ನು ತಾವೇ ಹಿಡಿದು, “ನನ್ನ ಮಗಳು ಮಾಡಿದ ಬೆಳಕ್ರಿ” ಎನ್ನುತ್ತಿದ್ದರು.