ಆರು ತಲೆಯ ರಾಕ್ಷಸ

ಪಿಂಗಾಣಿ ಶಿಲ್ಪ ಮಾಡುವ ಈಕೆಗೆ ಜೇಡಿಮಣ್ಣು ಕೈಗೆ ಬಂದರೆ ಸಾಕು, ಊಟ ತಿಂಡಿ ನೆನಪಿರುವುದಿಲ್ಲ. ಜನಪದ ಕತೆಗಳ ನರಿ, ಮೊಸಳೆ, ಹಟಮಾರಿ ರಾಜಕುಮಾರಿ ಎಲ್ಲರೂ ಇವಳ ಮೇಜಿನ ಮೇಲೆ ಒಣಗುತ್ತ ಕೂತಿರುತ್ತಾರೆ, ನರಿಯನ್ನಂತೂ "ಬಾಲ ಬಿರುಕು ಬಿಟ್ಟರೆ ನೋಡು ಮತ್ತೆ!" ಎಂದು ಗದರಿಸಿಯೇ ಭಟ್ಟಿಯೊಳಗೆ ಕಳಿಸುತ್ತಾಳೆ. ಯಾರಾದರೂ "ಇದರಲ್ಲಿ ಹೂ ಇಡಬಹುದಾ?" ಎಂದು ಕೇಳಿದರೆ ಆ ದಿನವೆಲ್ಲ ಮುಖ ಗಂಟು. ಕಪ್ಪೆಯ ಬೆರಳನ್ನೂ ಎಣಿಸಿ ಮಾಡುವ ಇವಳು ಪ್ರತಿ ಪ್ರದರ್ಶನದಲ್ಲೂ ಏಳು ತಲೆಯ ರಾಕ್ಷಸನಿಗೆ ಆರೇ ತಲೆ ಇಡುತ್ತಾಳೆ. ಈ ಸಲ ಗ್ಯಾಲರಿಯವರು ತಡೆಯಲಾರದೆ ಕೇಳಿಯೇ ಬಿಟ್ಟರು. ಅವಳು ಕೈಯ ಮಣ್ಣು ಒರೆಸಿಕೊಂಡಳು. "ಈ ಕತೆ ಹೇಳಿದ್ದು ನಮ್ಮಕ್ಕ, ಸರ್. ಜಗಳ ಆಡಿ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು. ಪೇಪರಲ್ಲಿ ಫೋಟೊ ನೋಡಿ, 'ಏಳು ತಲೆ ಕಣೇ ಪೆದ್ದಿ' ಅಂತ ಬೈಯೋಕಾದ್ರೂ ಫೋನ್ ಮಾಡ್ತಾಳೇನೋ ಅಂತ."